ಬೀದಿಯಲ್ಲಿ ಕಂಡರೆ ಅಮ್ಮನಲ್ಲ

ನಮ್ಮ ವುಡ್‌ಸ್ಟಾಕ್ ಗಲ್ಲಿಯಲ್ಲಿ ಅವಳು ಡುಲ್ಸಿ ಫೆಬ್ರುವರಿ. ಹಿಂದಿನ ಕಾಲದಲ್ಲಿ ನಮ್ಮ ಪೂರ್ವಜರನ್ನು ಹಡಗಿನಿಂದ ಗುಲಾಮರಾಗಿ ಇಳಿಸಿಕೊಂಡ ತಿಂಗಳನ್ನೇ ಅವರಿಗೆ ಹೆಸರಾಗಿ ಅಂಟಿಸಿದ ಧಣಿಗಳ ಕೃಪೆ ಅದು. ಕೇಪ್‌ಟೌನ್ ಪೇಟೆಯ ಟೋಪಿ ಅಂಗಡಿಯಲ್ಲಿ ಮಾತ್ರ ಅವಳು ಮಿಸೆಸ್ ಫೇಬರ್. ಆ ಹೆಸರು ಬಿಳಿಯರದು, ಸಂಬಳವೂ ಬಿಳಿಯರದು.

ಬಸ್ಸು, ಬೆಂಚು, ಆಸ್ಪತ್ರೆ, ಕೊನೆಗೆ ಸ್ಮಶಾನಕ್ಕೂ ಬಿಳಿಯರದು ಬೇರೆ, ಉಳಿದವರದು ಬೇರೆ ಎಂದು ಸರ್ಕಾರ ಹಲಗೆ ಬರೆಸಿ ತೂಗುಹಾಕಿದ್ದ ಕಾಲ. ನಾವು ಬೆರಕೆ ಜನ, ಉಳಿದವರ ಲೆಕ್ಕ. ಡುಲ್ಸಿಯೂ ನಮ್ಮವಳೇ. ಆದರೆ ಅವಳ ಮೈಬಣ್ಣ ಹಾಲುಕೆನೆ, ಮೂಗು ನೆಟ್ಟಗೆ. ಕೂದಲೊಂದೇ ಅವಳ ಹಗೆ. ಮಲಗುವ ಮುಂಚೆ ಒದ್ದೆ ಕೂದಲನ್ನು ತಲೆಯ ಸುತ್ತ ಬಿಗಿಯಾಗಿ ಸುತ್ತಿ, ಮೇಲೆ ಹಳೆಯ ನೈಲಾನ್ ಕಾಲುಚೀಲ ಎಳೆದುಕೊಂಡರೆ ಬೆಳಗ್ಗೆ ನೆಟ್ಟಗಾಗಿರುತ್ತಿತ್ತು. ಮಂಜು ತಾಗಿದರೆ, ಬೆವರಿದರೆ ಮತ್ತೆ ಸುರುಳಿ. ಅದಕ್ಕೆ ನಾವು ‘ಕೂದಲು ಮನೆಗೆ ಹೋಯಿತು’ ಅನ್ನುತ್ತೇವೆ. ಗಲ್ಲಿಯ ಹೆಂಗಸರೆಲ್ಲ ಕಾಲುಚೀಲ ಕಟ್ಟುವವರೇ. ನಮಗೆ ಅದು ಚರ್ಚಿಗೆ ಹೋಗುವ ಸಿಂಗಾರ, ಡುಲ್ಸಿಗೆ ಹೊಟ್ಟೆಪಾಡು.

ಅವಳ ಗಂಡ ಹೆನ್ನಿ ಮೀನುದೋಣಿಯವನು, ಕಪ್ಪು ಬಣ್ಣದವನು. ‘ನನ್ನ ಮದುವೆ ಹೊಸ್ತಿಲತನಕ’ ಎಂದು ನಗುತ್ತಿದ್ದ. ಕುಡಿದ ದಿನ ಅದನ್ನೇ ಹೇಳಿ ಅಳುತ್ತಿದ್ದ. ಒಬ್ಬಳೇ ಮಗಳು ಲೆಟೀ ಅಪ್ಪನನ್ನೇ ಹೋಲುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಡುಲ್ಸಿಗೂ ಮಗಳು ಮುದ್ದೇ, ಆದರೆ ಬಾಗಿಲು ಹಾಕಿಕೊಂಡ ಮೇಲೆ.

ಲೆಟೀಗೆ ಹದಿನಾಲ್ಕು ತುಂಬಿದ ವರ್ಷ ಡುಲ್ಸಿ ಒಂದು ಬೆಳಗ್ಗೆ ಬುತ್ತಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು. ಅಮ್ಮ ಹಸಿದಿರುತ್ತಾಳೆಂದು ಹುಡುಗಿ ಅದನ್ನೆತ್ತಿಕೊಂಡು ಪೇಟೆಗೆ ಓಡಿದಳು. ಟೋಪಿ ಅಂಗಡಿಯ ಬಾಗಿಲಲ್ಲಿ ನಿಂತು, ಗಿರಾಕಿಗಳ ಎದುರೇ, ಮಮ್ಮಿ ಎಂದು ಕರೆದಳು. ಅಂಗಡಿಯೊಡತಿ ತಲೆಯೆತ್ತಿದಳು. ಡುಲ್ಸಿ ಸೂಜಿ ಕೆಳಗಿಡದೆಯೇ, ಇವಳು ನಮ್ಮ ಕೆಲಸದವಳ ಮಗಳು, ಎತ್ತಿ ಆಡಿಸಿದವರನ್ನೆಲ್ಲ ಹಾಗೇ ಕರೆಯುತ್ತಾಳೆ ಎಂದಳು. ಒಡತಿ ನಕ್ಕು ಹುಡುಗಿಯ ಕೈಗೊಂದು ಮಿಠಾಯಿ ಹಾಕಿದಳು. ಲೆಟೀ ಅದನ್ನು ತಿನ್ನಲೂ ಇಲ್ಲ, ಬಿಸಾಡಲೂ ಇಲ್ಲ. ಮನೆ ಸೇರುವಷ್ಟರಲ್ಲಿ ಅದು ಅಂಗೈಯಲ್ಲೇ ಕರಗಿತ್ತು.

ಅಂದು ಸಂಜೆ ನಾನು ಇಸ್ತ್ರಿಪೆಟ್ಟಿಗೆ ಕೇಳಲೆಂದು ಅವರ ಮನೆಗೆ ಹೋದೆ. ಡುಲ್ಸಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಕೂದಲು ಸುತ್ತಿ ಕಟ್ಟುತ್ತಿದ್ದಳು. ಕಣ್ಣುಗಳು ಓರೆಯಾಗುವಷ್ಟು ಬಿಗಿಯಾಗಿ ಎಳೆಯುತ್ತಿದ್ದಳು.

“ಕೇಳು. ಮನೇಲಿ ನಾನು ನಿನ್ನ ಅಮ್ಮ. ಬೀದೀಲಿ ಕಂಡ್ರೆ ಅಮ್ಮ ಅಲ್ಲ. ದೀಪದ ಕಂಬ ಅಂದ್ಕೊಂಡು ದಾಟಿ ಹೋಗು.”

“ನಾನೇನ್ ತಪ್ಪು ಮಾಡ್ದೆ?”

“ನಿಮ್ಮಪ್ಪನ ಬಣ್ಣ ತಗೊಂಡು ಹುಟ್ಟಿದೆ. ತಪ್ಪು ಯಾರದಾದ್ರೂ ಆಗ್ಲಿ, ಸಂಬಳ ಬರೋದು ನನ್ನ ಮುಖಕ್ಕೆ. ನಿನ್ನ ಶೂ, ನಿನ್ನ ಸ್ಕೂಲು, ಎಲ್ಲ ಈ ಮುಖದ್ದೇ.”

“ನಾನಂದ್ರೆ ನಿಂಗೆ ನಾಚ್ಕೆನಾ ಮಮ್ಮಿ?”

ಡುಲ್ಸಿ ಬಾಯಲ್ಲಿದ್ದ ಪಿನ್ನು ತೆಗೆದು ಕೂದಲಿಗೆ ಚುಚ್ಚಿದಳು. “ನಾಚ್ಕೆ ಪಡೋಕೂ ಕೈಯಲ್ಲಿ ಕಾಸಿರ್ಬೇಕು. ತಲೆ ಅಲ್ಲಾಡಿಸ್ಬೇಡ.”

ಹೇಳಿದ್ದು ಸಾಲದೆಂದು ಭಾನುವಾರ ಪಾಠಕ್ಕೆ ಇಳಿದಳು. ನಮ್ಮಿಬ್ಬರ ಮನೆಗೂ ಒಂದೇ ಹಿತ್ತಿಲು, ನಾನು ಬಟ್ಟೆ ಒಣಹಾಕುತ್ತಿದ್ದೆ. ಡುಲ್ಸಿ ಪೇಟೆಯ ಟೋಪಿ ಹಾಕಿಕೊಂಡು ಆ ಕಡೆಯಿಂದ ಬರುವುದು, ಲೆಟೀ ಈ ಕಡೆಯಿಂದ ಹೋಗುವುದು. ಪಕ್ಕಕ್ಕೆ ಬಂದೊಡನೆ ಹುಡುಗಿಯ ಕಣ್ಣು ತಾನಾಗಿಯೇ ಅಮ್ಮನತ್ತ ಹೊರಳುತ್ತಿತ್ತು. ‘ಕಣ್ಣು ಈ ಕಡೆ ಬಂತು, ಮತ್ತೆ ಹೋಗು’ ಎಂದು ಡುಲ್ಸಿ ಅಟ್ಟುತ್ತಿದ್ದಳು. ಒಮ್ಮೆ ಹುಡುಗಿಯ ತುಟಿ ನಡುಗಿತೆಂದು ಕೆನ್ನೆಗೇ ಬಾರಿಸಿದಳು. ನನಗೆ ತಡೆಯಲಾಗಲಿಲ್ಲ.

“ನಾಯಿಗೂ ಯಾರೂ ಹಿಂಗ್ ಕಲಿಸಲ್ಲ ಕಣೇ.”

“ನಾಯಿ ಬಾಲ ಅಲ್ಲಾಡಿಸಿದ್ರೆ ನನ್ನ ಕೆಲ್ಸ ಹೋಗಲ್ಲ, ಸಾರಾ.”

ಮಧ್ಯಾಹ್ನ ಮೀನುಗಾಡಿಯವನು ಕೊಂಬೂದಿಕೊಂಡು ಬರುವ ಹೊತ್ತಿಗೆ ಲೆಟೀ ಕಲಿತಿದ್ದಳು. ಅಮ್ಮನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ, ಕಣ್ಣು ಮಿಟುಕಿಸದೆ ನಡೆದುಹೋದಳು. ಆಗ ಡುಲ್ಸಿ ಅವಳನ್ನು ಬಾಚಿ ತಬ್ಬಿ, ಜಾಣೆ, ನನ್ನ ಚಿನ್ನ ಎಂದು ಮುದ್ದಿಟ್ಟಳು. ಹುಡುಗಿಯ ಮುಖದಲ್ಲಿ ಏನೂ ಇರಲಿಲ್ಲ.

ಆಮೇಲೆ ಲೆಟೀ ಎಂದೂ ತಪ್ಪಲಿಲ್ಲ. ಹದಿನಾರಕ್ಕೆ ಬಟ್ಟೆ ಕಾರ್ಖಾನೆ ಸೇರಿದಳು. ಒಂದೇ ಬಸ್ಸಿನಲ್ಲಿ ಅಮ್ಮ ಕೆಳಗೆ ಬಿಳಿಯರ ಸೀಟಿನಲ್ಲಿ, ಮಗಳು ಮಹಡಿಯಲ್ಲಿ ನಮ್ಮವರ ಜೊತೆ ಕೂತು ಬರುತ್ತಿದ್ದರು. ಆ ಚಳಿಗಾಲ ಕೆಮ್ಮನ್ನು ಮುಚ್ಚಿಡುತ್ತಿದ್ದ ಡುಲ್ಸಿ ಅಂಗಡಿಯಲ್ಲೇ ಕುಸಿದಳು. ಒಡತಿ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಸಾಗಿಸಿದಳು, ಬಿಳಿಯರ ಬದಿಗೆ. ಶ್ವಾಸಕೋಶಕ್ಕೆ ಜ್ವರ ಇಳಿದಿತ್ತು. ಬಿಳಿಯರ ಬದಿಯಲ್ಲಿ ಮಂಚ, ಔಷಧಿ, ಮಗ್ಗುಲಲ್ಲಿ ನರ್ಸು. ನಮ್ಮ ಬದಿಯಲ್ಲಿ ನೆಲದ ಮೇಲೆ ಚಾಪೆ. ಗುಟ್ಟು ರಟ್ಟಾದರೆ ಡುಲ್ಸಿ ಆ ಚಾಪೆಗೆ ಬರುತ್ತಿದ್ದಳು, ಬದುಕಿ ಎದ್ದರೂ ಕೆಲಸ ಇರುತ್ತಿರಲಿಲ್ಲ.

ಹೆನ್ನಿ ಗೇಟಿನತ್ತಲೂ ಸುಳಿಯುವಂತಿರಲಿಲ್ಲ. ನಾನು ಬಿಳಿಯರ ಮನೆಗಳ ಬಟ್ಟೆ ಒಗೆಯುವವಳು, ನನ್ನ ಬುಟ್ಟಿಯನ್ನು ಯಾರೂ ತಡೆಯುವುದಿಲ್ಲ. ಫೇಬರ್ ಅಮ್ಮನವರ ಬಟ್ಟೆ ಎಂದು ಹೇಳಿಕೊಂಡು ಲೆಟೀ ನನ್ನ ಹಿಂದೆ ಬರುತ್ತಿದ್ದಳು. ಬೆವರಿಗೆ ಡುಲ್ಸಿಯ ಕೂದಲು ಮನೆಗೆ ಹೋಗತೊಡಗಿತ್ತು. ನರ್ಸಿನ ಕಣ್ಣು ಅದರ ಮೇಲೆ ನಿಲ್ಲುವುದನ್ನು ನಾನೇ ಕಂಡೆ. “ಕಾಲುಚೀಲ ತಂದ್ಯಾ?” ಎಂದು ಡುಲ್ಸಿ ಉಸಿರಿನಲ್ಲೇ ಕೇಳಿದಳು. ಲೆಟೀ ಆಳಿನಂತೆ ತಲೆಬಾಗಿ, ಅಮ್ಮನ ಕೂದಲು ಬಾಚಿ, ಬಿಗಿಯಾಗಿ ಸುತ್ತಿ ಕಟ್ಟಿದಳು. ಪಕ್ಕದ ಮಂಚದವಳು ಮೆಚ್ಚಿಕೊಂಡಳು. ಡುಲ್ಸಿ ಅವಳಿಗೆ ಕೇಳುವಂತೆ, ಒಳ್ಳೆ ಹುಡುಗಿ, ಹೊರಡು ಇನ್ನು ಎಂದಳು.

ಮುಂದಿನ ಸಲ ಹೋದಾಗ ಜ್ವರ ತಲೆಗೇರಿತ್ತು. ಡುಲ್ಸಿ ಕಾಲುಚೀಲ ಕಿತ್ತೆಸೆದು, ಲೆಟೀ, ಲೆಟೀ ಎಂದು ಕನವರಿಸುತ್ತಿದ್ದಳು. ನಮ್ಮನ್ನು ಕಂಡೊಡನೆ ಕೈ ಚಾಚಿದಳು. ನರ್ಸು ನಮ್ಮತ್ತ ತಿರುಗಿದಳು.

“ಬೆಳಗ್ಗೆಯಿಂದ ಇದೇ ಹೆಸ್ರು. ಯಾರದು ಲೆಟೀ? ಕರೆಸೋಣ ಅಂದ್ರೆ ಗೊತ್ತಾಗ್ತಿಲ್ಲ.”

ನಾನು ಬಾಯಿ ತೆರೆದೆ. ಲೆಟೀ ನನ್ನ ಪಾದವನ್ನು ತುಳಿದು ಹಿಡಿದಳು.

“ಗೊತ್ತಿಲ್ಲ ಮೇಡಂ. ಆ ಹೆಸರಿನವರು ಅವರ ಮನೇಲಿ ಯಾರೂ ಇಲ್ಲ.”

ಕೊಳೆಬಟ್ಟೆ ಬುಟ್ಟಿಗೆ ತುಂಬಿ ಹೊರಟಳು. ಚಾಚಿದ ಕೈ ಅವಳ ಲಂಗದ ಅಂಚಿಗೆ ತಾಗಿತು. ಅವಳು ನಿಲ್ಲಲಿಲ್ಲ.

ಮರುದಿನ ಡುಲ್ಸಿ ಸತ್ತಳು. ಅಂಗಡಿಯೊಡತಿ ಬಿಳಿಯರ ಸ್ಮಶಾನದಲ್ಲಿ ಮಿಸೆಸ್ ಫೇಬರಳನ್ನು ಚೆನ್ನಾಗಿಯೇ ಮಣ್ಣುಮಾಡಿಸಿದಳು. ಹೆನ್ನಿ, ಲೆಟೀ, ನಾನು ಬೇಲಿಯಾಚೆ ರಸ್ತೆಯಲ್ಲಿ ನಿಂತಿದ್ದೆವು. ಸತ್ತವಳ ಗೌರವಕ್ಕೆ ಟೋಪಿ ತೆಗೆಯಲೂ ಹೆನ್ನಿ ಹೆದರಿದ. ನಾನು ಲೆಟೀಯತ್ತ ತಿರುಗಿದೆ.

“ಕಲ್ಲೇನೇ ನೀನು?” ಅಂದೆ. “ಸಾಯೋ ಹೊತ್ತಲ್ಲಿ ಹೆತ್ತವಳು ಕೈ ಚಾಚಿದ್ಲು, ಒಂದ್ಸಲ ತಿರುಗಿ ನೋಡಬಾರದಿತ್ತಾ?”

ಲೆಟೀ ಗುಂಡಿಯತ್ತ ನೋಡದೆ, ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದಳು.

“ಕಣ್ಣು ಆ ಕಡೆ ಹೋಗ್ಲಿಲ್ಲ ಆಂಟಿ,” ಅಂದಳು. “ನೀವೇ ನೋಡಿದ್ರಲ್ಲ. ಒಂದ್ಸಲಾನೂ ಹೋಗ್ಲಿಲ್ಲ.”