ಗೋತ್ರ ತಿಳಿಯದ ಕಳ್ಳಿ

ಮೂವತ್ತು ವರ್ಷ ಕಾರ್ಖಾನೆಯ ಸೈರನ್ನಿಗೆ ಎದ್ದವನು ನಾನು. ನಿವೃತ್ತಿಯಾದ ಮೇಲೂ ಆರಕ್ಕೆ ಹಾಲು, ಆರೂವರೆಗೆ ಪೇಪರು. ರಾಜಾಜಿನಗರದ ನಮ್ಮ ಮನೆಯಲ್ಲಿ ತಾರಸಿಯೊಂದು ಮಾತ್ರ ಅಣ್ಣನ ವಶದಲ್ಲಿತ್ತು. ಅಲ್ಲಿ ಅವನ ಕಳ್ಳಿ ಗಿಡಗಳು. ಪ್ರತಿ ಕುಂಡಕ್ಕೂ ಹೆಸರಿನ ಚೀಟಿ. ಮುಷ್ಟಿಗಾತ್ರದ ಒಂದು ಗಿಡದ ಚೀಟಿ ಮಾತ್ರ ಖಾಲಿ. ಯಾವುದೋ ನರ್ಸರಿ ಮುಚ್ಚುವಾಗ ತಂದದ್ದು, ಒಮ್ಮೆಯೂ ಹೂ ಬಿಟ್ಟಿರಲಿಲ್ಲ.

"ಇವನ ಗೋತ್ರ ಒಂದು ಗೊತ್ತಾಗ್ಲಿಲ್ಲ ಕಣೋ" ಎನ್ನುತ್ತಿದ್ದ ಅಣ್ಣ.

ಮೆಟ್ರೋಗಾಗಿ ರಸ್ತೆ ಅಗೆಯತೊಡಗಿದ್ದ ವರ್ಷ, ಕಳ್ಳಿಗಳ ವಂಶದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಬಂದಳು.

"ಮುಳ್ಳು, ಆಕಾರ ನಂಬೋಕಾಗಲ್ಲ ಅಂಕಲ್. ಹತ್ತಿರದ ಸಂಬಂಧ ಇಲ್ದಿದ್ರೂ ಒಂದೇ ಥರ ಕಾಣ್ತವೆ. ಡಿಎನ್‌ಎ ಹೋಲಿಸಿದ್ರೆ ಯಾರಿಗೆ ಯಾರು ಹತ್ತಿರ ಅಂತ ಗೊತ್ತಾಗುತ್ತೆ."

"ಮೊದ್ಲು ಇವನದ್ದು ನೋಡಮ್ಮ. ಮದುವೆ ವಯಸ್ಸು ಮೀರ್ತಾ ಇದೆ" ಎಂದ ಅಣ್ಣ.

ಅವಳು ಒಂದೊಂದರಿಂದಲೂ ಉಗುರಿನಷ್ಟು ಚೂರು ಕತ್ತರಿಸಿಕೊಂಡು ಹೋದಳು. ತಿಂಗಳ ನಂತರ ಫೋನ್ ಮಾಡಿದಳು. ಉಳಿದವೆಲ್ಲ ಸರಿಯಾಗಿದ್ದವು, ಹೆಸರಿಲ್ಲದ ಗಿಡದ ಚೂರಿನಲ್ಲಿ ಲೋಳೆ ಹೆಚ್ಚಿದ್ದರಿಂದ ಡಿಎನ್‌ಎ ಶುದ್ಧವಾಗಿ ಸಿಕ್ಕಿರಲಿಲ್ಲ. ಇನ್ನೊಂದು ಚೂರು ಬೇಕಿತ್ತು.

ಅಷ್ಟರಲ್ಲಿ ಅಣ್ಣ ಆಸ್ಪತ್ರೆ ಸೇರಿದ್ದ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಗಿಡಗಳ ಹೊಣೆ ನನ್ನದಾಗಿತ್ತು. ನಾನು ಒಂದು ದಿನವೂ ತಪ್ಪಿಸಲಿಲ್ಲ: ಬೆಳಿಗ್ಗೆ ಆರೂಕಾಲಿಗೆ ಕುಂಡಕ್ಕೊಂದು ಚೊಂಬು ನೀರು.

ಹುಡುಗಿ ಬಂದು ಗಿಡವನ್ನು ಮೆಲ್ಲಗೆ ಒತ್ತಿದಳು. ಬೆರಳು ಒಳಗೇ ಇಳಿಯಿತು.

"ದಿನಾ ನೀರು ಹಾಕ್ತಿದ್ರಾ ಅಂಕಲ್?"

"ಹೌದಮ್ಮ. ದಿನಾ."

ಅವಳು ಬೆರಳು ಒರೆಸಿಕೊಂಡಳು. "ಪೂರ್ತಿ ಕೊಳೆತಿದೆ. ಇದರಲ್ಲಿ ಇನ್ನೇನೂ ಸಿಗಲ್ಲ."

ಅಂದು ಸಂಜೆ ನಾಲ್ಕಕ್ಕೆ ಸರಿಯಾಗಿ ಆಸ್ಪತ್ರೆಗೆ ಹೋದೆ. ಅಣ್ಣ ಕಣ್ಣು ಬಿಟ್ಟವನೇ ಕೇಳಿದ: "ಗೋತ್ರ ಗೊತ್ತಾಯ್ತಾ?"

"ಆಯ್ತು. ಪಕ್ಕದ ಕುಂಡದ ಉದ್ದ ಮುಳ್ಳಿನವನಿಗೆ ದಾಯಾದಿಯಂತೆ." ಬದುಕಿನಲ್ಲಿ ಅವನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೇ.

ಅಣ್ಣ ನಕ್ಕ. ನಗುವಿಗೆ ಕೆಮ್ಮು ಬಂತು. "ದಾಯಾದಿನಾ? ಹಂಗಾದ್ರೆ ಒಟ್ಟಿಗೆ ಇಡಬೇಡ ಕಣೋ, ಕಿತ್ತಾಡ್ತಾರೆ. ದೂರ ಇಡು. ಚೀಟಿ ನಾನು ಬಂದು ಬರೀತೀನಿ."

ಅವನು ಬರಲಿಲ್ಲ.

ಆ ಸುಳ್ಳು ಹೇಳಿದ ಸಂಜೆ, ಆಸ್ಪತ್ರೆಯಿಂದ ಮನೆಗೆ ಬಂದವನೇ ತಾರಸಿ ಹತ್ತಿದ್ದೆ. ಕೊಳೆತ ಗಿಡ ಕಿತ್ತೆಸೆದ ಮೇಲೆ ಬರಿ ಮಣ್ಣು ಉಳಿದ ಆ ಕುಂಡವನ್ನು, ಖಾಲಿ ಚೀಟಿಯ ಸಮೇತ, ಉದ್ದ ಮುಳ್ಳಿನ ಗಿಡದಿಂದ ದೂರ, ನೀರಿನ ಟ್ಯಾಂಕಿನ ಆಚೆ ಇಟ್ಟೆ.