ಬೇಕರಿಯವನ ಹನ್ನೊಂದು ಪುಟ

ಮೊದಲೇ ಹೇಳಿಬಿಡುತ್ತೇನೆ, ಬೇಕರಿಯವನ ಹೆಸರಿನ ಮುಂದೆ ‘ತೂಕಡಿಸಿದ’ ಎಂದು ಬರೆದವನು ನಾನೇ. ಈಗ ಊರೆಲ್ಲ ಅವನನ್ನು ಹೊಗಳುತ್ತಿದೆ, ಹಾಗಾಗಿ ಆ ಕೆಲಸ ಯಾರು ಮಾಡಿದ್ದು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾನು ದರ್ಜಿ. ಬೆರಳಗಲ ಅಳತೆ ತಪ್ಪಿದರೆ ಬಟ್ಟೆ ಹಾಳು ಎಂದು ತಿಳಿದವನು. ಕಂಡದ್ದನ್ನು ಬರೆದೆ, ಅಷ್ಟೇ. ಬರೆದದ್ದಕ್ಕೆ ಈಗಲೂ ನಾಚಿಕೆಯಿಲ್ಲ. ಬರೆಯುವಾಗ ಒಳಗೊಳಗೇ ಸ್ವಲ್ಪ ಖುಷಿಪಟ್ಟೆನಲ್ಲ, ಅದಕ್ಕೆ ಇದೆ.

ನಮ್ಮ ತರಗತಿ ನಡೆಯುತ್ತಿದ್ದದ್ದು ಗುರುಗಳಾದ ಉಸ್ತಾದರ ಮನೆಯ ಮಹಡಿಯಲ್ಲಿ, ವಾರಕ್ಕೆ ಎರಡು ಮಧ್ಯಾಹ್ನ. ನೆಲಕ್ಕೆ ಚಾಪೆ, ಗೋಡೆಯುದ್ದಕ್ಕೂ ಪುಸ್ತಕದ ಕಪಾಟು, ಉಸ್ತಾದರ ಮುಂದೆ ಒಂದು ಕುಳ್ಳ ಮೇಜು. ಓದುತ್ತಿದ್ದದ್ದು ಪ್ರವಾದಿಯವರ ಜೀವನ. ಮೊನ್ನೆ ಮೊನ್ನೆ ಯಾರೋ ಬರೆದ ಪುಸ್ತಕದಿಂದಲ್ಲ. ಪ್ರವಾದಿಯವರನ್ನು ಕಂಡವರು ಹೇಳಿದ್ದು, ಅವರಿಂದ ಕೇಳಿದವರು ಮುಂದಿನವರಿಗೆ ಹೇಳಿದ್ದು, ಹೀಗೆ ಮೊದಲ ಎರಡು ಮೂರು ಶತಮಾನಗಳಲ್ಲಿ ಬರಹಕ್ಕೆ ಇಳಿದ ವರದಿಗಳಿಂದ. ಅವುಗಳಲ್ಲಿ ಆಯ್ದು ಉಸ್ತಾದರು ತಮ್ಮ ಯೌವನದಲ್ಲೇ ಮುನ್ನೂರು ಪುಟದ ಒಂದು ನೋಟ್‌ಬುಕ್ ಬರೆದಿಟ್ಟಿದ್ದರು. ನಮ್ಮ ಕೈಯಲ್ಲಿದ್ದದ್ದು ಅದರ ಜೆರಾಕ್ಸ್. ಪ್ರತಿ ವರದಿಯ ಮೇಲೂ ಹೆಸರುಗಳ ಸಾಲು: ಇವರು ಅವರಿಂದ ಕೇಳಿದರು, ಅವರು ಮತ್ತೊಬ್ಬರಿಂದ, ಮತ್ತೊಬ್ಬರು ಕಣ್ಣಾರೆ ಕಂಡವರಿಂದ. ಈ ಕೊಂಡಿ ಗಟ್ಟಿಯಿದ್ದರೆ ಮಾತ್ರ ಕೆಳಗಿನ ಮಾತಿಗೆ ಬೆಲೆ. ಕಥೆಯ ಆಸೆಗೆ ಬಿದ್ದು ಹೆಸರುಗಳನ್ನು ಹಾರಿಸಿದವರನ್ನು ಉಸ್ತಾದರು ಸುಮ್ಮನೆ ಬಿಡುತ್ತಿರಲಿಲ್ಲ.

ಹಳೆಯ ಕಾಲದ ಒಂದು ಪದ್ಧತಿಯನ್ನೂ ಅವರು ಬಿಟ್ಟಿರಲಿಲ್ಲ. ಯಾರು ಯಾವ ದಿನ ಯಾವ ಪುಟದಿಂದ ಯಾವ ಪುಟದವರೆಗೆ ಕೇಳಿದರು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ತಡವಾಗಿ ಬಂದರೆ ಅದನ್ನು ಬರೆಯಬೇಕು, ಪಕ್ಕದವರ ಜೊತೆ ಪಿಸುಗುಟ್ಟಿದರೆ ಬರೆಯಬೇಕು, ನಿದ್ದೆ ಹೋದರೆ ಅದನ್ನೂ. ಮುನ್ನೂರು ಪುಟವನ್ನೂ ಉಸ್ತಾದರ ಬಾಯಿಂದ ಕೇಳಿದವರಿಗಷ್ಟೇ ಇನ್ನೊಬ್ಬರಿಗೆ ಕಲಿಸುವ ಅನುಮತಿ ಪತ್ರ. ಒಂದು ಪುಟ ಕಡಿಮೆಯಾದರೂ ಇಲ್ಲ. ಆ ರಿಜಿಸ್ಟರು ನನ್ನ ಕೈಯಲ್ಲಿತ್ತು. ನಮ್ಮ ತರಗತಿಯಲ್ಲೇ ಇದ್ದ ಔಷಧಿ ಅಂಗಡಿಯವನು ನನಗೆ ‘ಪೊಲೀಸ್ ದರ್ಜಿ’ ಎಂದು ಹೆಸರಿಟ್ಟಿದ್ದ. ಇಟ್ಟುಕೊಳ್ಳಲಿ.

ಬೇಕರಿಯವನು ಕೂರುತ್ತಿದ್ದದ್ದು ಕೊನೆಯ ಸಾಲಿನಲ್ಲಿ, ಬೆನ್ನು ಗೋಡೆಗೆ ತಾಗದ ಹಾಗೆ. ತಾಗಿದರೆ ಕಣ್ಣು ಮುಚ್ಚುತ್ತದೆ ಎಂಬ ಭಯ. ಬೆಳಗಿನ ಜಾವ ಮೂರಕ್ಕೆ ಹಿಟ್ಟು ನಾದಲು ಏಳುವ ಮನುಷ್ಯ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅರಬಿ ಅಕ್ಷರ ಚಿಕ್ಕಂದಿನಿಂದ ಬರುತ್ತಿತ್ತು, ಅರ್ಥ ಮಾತ್ರ ನಲವತ್ತೆರಡು ದಾಟಿದ ಮೇಲೆ ಒಂದೊಂದೇ ಪದವಾಗಿ ಕಲಿತದ್ದು. ಅದಕ್ಕೆ ಕಾರಣ ಅವನ ಮಗಳು. ಒಂದು ದಿನ ಅವಳಿಗೆ ಪ್ರವಾದಿಯವರ ಬಗ್ಗೆ ಏನೋ ಕಥೆ ಹೇಳುತ್ತಿದ್ದನಂತೆ.

“ಇದನ್ನ ನಿಮಗೆ ಯಾರು ಹೇಳಿದ್ರು ಅಪ್ಪಾ?” ಎಂದಳು ಮಗಳು.

“ನಿಮ್ಮಜ್ಜ.”

“ಅಜ್ಜನಿಗೆ?”

“ಎಲ್ಲರೂ ಹೇಳ್ತಾರಲ್ಲೇ.”

“ಎಲ್ಲರಿಗೆ ಯಾರು ಹೇಳಿದ್ರು?”

ಹನ್ನೊಂದು ವರ್ಷದ ಹುಡುಗಿ ಕೇಳಿದ ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಇವನು ಮಾರನೆಯ ವಾರ ಉಸ್ತಾದರ ಮಹಡಿ ಹತ್ತಿದ. ಕೊನೆಯ ಸಾಲಿನಲ್ಲಿ ಕೂತು ನಾಲ್ಕು ವರ್ಷ ಒಂದು ಸಾಲನ್ನೂ ಗಟ್ಟಿಯಾಗಿ ಓದಲಿಲ್ಲ. ಆದರೆ ವರದಿ ಮಾಡಿದ ಹಿರಿಯರು ಯಾವ ವರ್ಷ ಹುಟ್ಟಿದರು, ಯಾವ ವರ್ಷ ತೀರಿಕೊಂಡರು ಎಂದು ಬೇಕರಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ನಾದುತ್ತ ನಾದುತ್ತ ಬಾಯಿಪಾಠ ಮಾಡುತ್ತಿದ್ದ. ಅವನ ಹೆಂಡತಿ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದಳು: “ಸತ್ತೋರ ಇಸವಿ ನೋಡ್ಕೊಂಡು ಬದುಕಿರೋರ ಬ್ರೆಡ್ಡು ಸೀಯಿಸ್ತೀರಲ್ರೀ, ಒಲೆ ಕಡೆನೂ ಸ್ವಲ್ಪ ನೋಡಿ.”

ಅವನು ನಿದ್ದೆ ಹೋದದ್ದು ಇನ್ನೂರ ಹನ್ನೊಂದನೆಯ ಪುಟದಿಂದ ಇನ್ನೂರ ಇಪ್ಪತ್ತೊಂದರವರೆಗೆ. ಆ ದಿನ ನಾದುವ ಯಂತ್ರ ಕೆಟ್ಟು ಎರಡು ಮೂಟೆ ಹಿಟ್ಟನ್ನು ಕೈಯಲ್ಲೇ ನಾದಿದ್ದನಂತೆ. ಪಾಠ ಯಾವುದಪ್ಪಾ ಎಂದರೆ, ಶತ್ರುಗಳ ಸೈನ್ಯ ಬರುತ್ತಿದೆಯೆಂದು ಪ್ರವಾದಿಯವರು ತಮ್ಮವರ ಜೊತೆ ತಾವೂ ನಿಂತು ಕಂದಕ ತೋಡಿದ್ದು. ಹಸಿವಿಗೆ ಹೊಟ್ಟೆಯ ಮೇಲೆ ಕಲ್ಲು ಕಟ್ಟಿಕೊಂಡಿದ್ದು. ಅದನ್ನು ಕಂಡ ಒಬ್ಬರು ಮನೆಗೆ ಓಡಿ, ಇದ್ದ ಒಂದಿಷ್ಟು ಜವೆಗೋಧಿಯನ್ನು ಹೆಂಡತಿಯಿಂದ ಬೀಸಿಸಿ ಊಟಕ್ಕೆ ಕರೆದದ್ದು, ‘ನಾನು ಬರುವ ತನಕ ರೊಟ್ಟಿ ಸುಡಬೇಡಿ’ ಎಂದು ಪ್ರವಾದಿಯವರು ಹೇಳಿಕಳಿಸಿದ್ದು, ಆ ಒಂದು ಮುದ್ದೆ ಹಿಟ್ಟಿನಲ್ಲಿ ಕಂದಕದ ಜನರೆಲ್ಲ ಉಂಡು ಮಿಗಿಸಿದ್ದು. ಇಡೀ ನೋಟ್‌ಬುಕ್ಕಿನಲ್ಲಿ ಹಿಟ್ಟು, ಒಲೆ ಬರುವುದು ಅದೊಂದೇ ಕಡೆ, ಅಲ್ಲೇ ನಮ್ಮ ಬೇಕರಿಯವನು ಗೊರಕೆ ಹೊಡೆದ. ತಿಂಗಳುಗಟ್ಟಲೆ ಅವನನ್ನು ಆಡಿಕೊಂಡು ನಕ್ಕೆವು. ಅವನೂ ನಗುತ್ತಿದ್ದ, ಮುಂದಿನ ಸುತ್ತಿನಲ್ಲಿ ಆ ಹನ್ನೊಂದು ಪುಟ ಕೇಳಿಸಿಕೊಂಡರಾಯಿತು ಎಂದು.

ಮುಂದಿನ ಸುತ್ತು ಬರಲಿಲ್ಲ. ಉಸ್ತಾದರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು, ಬಲಗೈ ಹೋಯಿತು. ಮೂರು ತಿಂಗಳ ನಂತರ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ ಚೀಟಿ ಬಂತು: ತರಗತಿ ಮುಗಿಯಿತು, ಪೂರ್ತಿ ಕೇಳಿದವರು ಬುಧವಾರ ಬಂದು ಪತ್ರ ತೆಗೆದುಕೊಳ್ಳಿ. ಪೂರ್ತಿ ಕೇಳಿದವರು ನಾವು ಎಂಟು ಜನ. ಅದನ್ನು ಬೇಕರಿಯವನಿಗೆ ಹೇಳುವ ಕೆಲಸವೂ ನನ್ನ ತಲೆಗೇ ಬಿತ್ತು.

ಅವನು ಟ್ರೇಗೆ ಎಣ್ಣೆ ಸವರುತ್ತಿದ್ದ. ಕೇಳಿ ಕೈ ನಿಲ್ಲಿಸಿದ.

“ಹನ್ನೊಂದು ಪುಟಕ್ಕಾ ಅಣ್ಣಾ?”

“ನಿಯಮ ನಾನು ಮಾಡಿದ್ದಲ್ಲಪ್ಪ.”

“ನಿಮ್ಮನ್ನ ಬೈತಿಲ್ಲ. ಒಲೆ ಹತ್ರ ಕೆಲಸ ಮಾಡೋ ಹುಡುಗ್ರು, ಹಾಲಿನವರು, ಬಸ್ಸು ತೊಳೆಯೋರು, ಇವ್ರೆಲ್ಲ ನಮಗೂ ಹೇಳಿಕೊಡು ಅಂತಿದ್ದಾರೆ. ಬೇಕರಿ ಮೇಲಿನ ರೂಮು ಗುಡಿಸಿ ಇಟ್ಟಿದ್ದೀನಿ. ಪತ್ರ ಇಲ್ದೆ ಹೇಳಿಕೊಟ್ರೆ ನಾನೂ ‘ಎಲ್ಲರೂ ಹೇಳ್ತಾರೆ’ ಅನ್ನೋ ಗುಂಪಿಗೇ ಸೇರ್ತೀನಿ.” ಟ್ರೇ ಪಕ್ಕಕ್ಕೆ ಸರಿಸಿದ. “ಇಷ್ಟು ವಯಸ್ಸಾಯ್ತು. ಇವನಿಗೆ ಇಂಥದ್ದು ಗೊತ್ತು ಅಂತ ಯಾರೂ ನನಗೆ ಒಂದು ಚೀಟಿ ಬರೆದುಕೊಟ್ಟಿಲ್ಲ ಅಣ್ಣಾ.”

ನಾನು ಹೊರಡಲು ಎದ್ದೆ. ಅವನೇ ಕೇಳಿದ: “ಉಸ್ತಾದರಿಗೆ ದನಿ ಇಲ್ಲ ಸರಿ, ಕಿವಿ ಇದೆಯಲ್ಲ? ಶಿಷ್ಯ ಓದಿ ಗುರು ಕೇಳೋದೂ ಹಳೇ ಕಾಲದಲ್ಲಿ ಇತ್ತಂತಲ್ಲ?”

ಇತ್ತು. ಆದರೆ ಅದು ಗಂಡೆದೆಯವರ ದಾರಿ. ನೋಟ್‌ಬುಕ್ಕಿನ ಅರಬಿಯಲ್ಲಿ ಸ್ವರ ಚಿಹ್ನೆಗಳಿಲ್ಲ, ಅರ್ಥ ತಿಳಿದವನು ಮಾತ್ರ ಸರಿಯಾಗಿ ಉಚ್ಚರಿಸಬಲ್ಲ. ತಪ್ಪಿಗೊಂದರಂತೆ ಗುರು ಮೂರು ಸಲ ಮೇಜು ತಟ್ಟಿದರೆ ಎದ್ದು ಬರಬೇಕು. ನಾನೇ ಯಾವತ್ತೂ ಆ ಸಾಹಸಕ್ಕೆ ಕೈ ಹಾಕಿದವನಲ್ಲ. ಉಸ್ತಾದರಿಗೆ ವಿಷಯ ಮುಟ್ಟಿಸಿದೆ. ಅವರು ಎಡಗೈಯಲ್ಲಿ ಒಂದೇ ಪದ ಬರೆದರು: ಬರಲಿ.

ಬುಧವಾರ ಎಂಟು ಜನವೂ ಪತ್ರ ತೆಗೆದುಕೊಂಡು ಹೋಗುವ ಬದಲು ಕೂತೆವು. ಅವನು ಮೊದಲ ಬಾರಿಗೆ ಮುಂದಿನ ಸಾಲಿಗೆ ಬಂದ. ಒಗೆದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹಿಟ್ಟು ಹಾಗೇ ಇತ್ತು. ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದ. ದನಿ ನಡುಗುತ್ತಿತ್ತು. ಇನ್ನೂರ ಹದಿಮೂರನೆಯ ಪುಟದಲ್ಲಿ ಮೇಜು ಒಮ್ಮೆ ಸದ್ದಾಯಿತು. ತಿದ್ದಿಕೊಂಡು ಮುಂದೆ ಹೋದ. ಇನ್ನೂರ ಹದಿನಾರರಲ್ಲಿ ಮತ್ತೊಮ್ಮೆ. ನನ್ನ ಅಂಗೈ ಬೆವೆತಿತು. ಇವನು ಗೆದ್ದರೆ ನನಗೇನು ಬಂತು ಎಂದು ಅಂದುಕೊಂಡರೂ ಬೆವರು ನಿಲ್ಲಲಿಲ್ಲ.

ಇನ್ನೂರ ಹದಿನೆಂಟು. ರೊಟ್ಟಿಯ ವರದಿ. ಮೇಲಿನ ಹೆಸರುಗಳ ಸಾಲಿನಲ್ಲಿ ಮೊದಲ ಹೆಸರು ಓದಿದ, ಎರಡನೆಯದು ಓದಿದ, ನಿಂತುಬಿಟ್ಟ.

ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಮತ್ತೆ ಮತ್ತೆ ಓದಿದ ಪುಟ, ಬಾಯಿಪಾಠವಾಗಿತ್ತು. ಮುಂದಿನ ಹೆಸರನ್ನು ಮೆಲ್ಲಗೆ ಹೇಳಿಕೊಟ್ಟೆ.

“ಅಣ್ಣಾ, ಸ್ವಲ್ಪ ಸುಮ್ನಿರಿ,” ಎಂದ.

ಔಷಧಿ ಅಂಗಡಿಯವನು ಕೆಮ್ಮಿದ. ಉಸ್ತಾದರ ಬೆರಳು ಮೇಜಿನಿಂದ ಮೇಲೆದ್ದಿತು. ಅದು ಕೆಳಗೆ ಬಿದ್ದರೆ ಮೂರನೆಯ ತಟ್ಟು, ನಾಲ್ಕು ವರ್ಷ ನೀರುಪಾಲು.

“ಉಸ್ತಾದ್,” ಎಂದ ಬೇಕರಿಯವನು, “ತಪ್ಪಿದ್ರೆ ಕ್ಷಮಿಸಿ. ಇಲ್ಲಿ ನಡುವೆ ಒಬ್ಬರಿಲ್ಲ.”

ಗುರುಗಳ ಕೈಬರಹದಲ್ಲೇ ತಪ್ಪು ಹಿಡಿಯುತ್ತಾನಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

“ಮೂರನೆಯವರು ಅಂತ ಇಲ್ಲಿ ಬರೆದಿರೋರು ತೀರಿಕೊಂಡಿದ್ದು ಹಿಜರಿ ನೂರ ಹತ್ತನೇ ವರ್ಷ,” ಅವನ ದನಿ ಈಗ ನಡುಗುತ್ತಿರಲಿಲ್ಲ. “ಎರಡನೆಯವರು ಹುಟ್ಟಿದ್ದೇ ನೂರ ಇಪ್ಪತ್ತೈದರಲ್ಲಿ. ಇವರು ಅವರಿಂದ ಹೇಗೆ ಕೇಳ್ತಾರೆ? ಇಬ್ಬರನ್ನೂ ಕಂಡವರು ಇನ್ನೊಬ್ಬರು ಇರಲೇಬೇಕು.”

ಉಸ್ತಾದರ ಬೆರಳು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಅದು ನಿಧಾನವಾಗಿ ತಿರುಗಿ ಕಪಾಟಿನ ಮೇಲಿನ ಸಾಲನ್ನು ತೋರಿಸಿತು. ಸ್ಟೂಲು ಹತ್ತಿದವನು ನಾನು. ಮೂಲಗ್ರಂಥದ ಐದನೆಯ ಸಂಪುಟ ಇಳಿಸಿ ಪುಟ ಹುಡುಕಿದೆ. ಎರಡನೆಯ ಹೆಸರಿಗೂ ನಮ್ಮ ನೋಟ್‌ಬುಕ್ಕಿನ ಮೂರನೆಯ ಹೆಸರಿಗೂ ನಡುವೆ ಇನ್ನೊಂದು ಹೆಸರು ಕಪ್ಪು ಅಕ್ಷರದಲ್ಲಿ ನಿಚ್ಚಳವಾಗಿ ಕೂತಿತ್ತು. ಉಸ್ತಾದರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಕಲು ಮಾಡುವಾಗ ಅದು ಕಣ್ಣು ತಪ್ಪಿ ಹೋಗಿದೆ. ಅಲ್ಲಿಂದ ಮೂವತ್ತು ವರ್ಷ, ಎಷ್ಟೋ ತಂಡಗಳು, ಎಚ್ಚರವಾಗಿಯೇ ಕೂತಿದ್ದ ನಾನು, ಯಾರಿಗೂ ಗೊತ್ತಾಗಿಲ್ಲ. ಆ ಹೆಸರಿನ ಕೆಳಗೆ ಬೆರಳಿಟ್ಟೆ. ಪುಸ್ತಕವನ್ನೇ ಉಸ್ತಾದರ ಮುಂದೆ ಹಿಡಿದೆ.

ಅವರು ನೋಡಿದರು. ಸೊಟ್ಟಗಾಗಿದ್ದ ಆ ಬಾಯಲ್ಲಿ ನಗು ಅರಳಿತು. ಮುಂದುವರಿಸು ಎಂದು ಕೈ ಬೀಸಿದರು.

ಆಮೇಲೆ ಅವನು ಓದಿದ್ದನ್ನು ಕೇಳಬೇಕಿತ್ತು ನೀವು. ಬೆರಳು ಅಕ್ಷರದ ಮೇಲಿರಲೇ ಇಲ್ಲ. ಹಿಟ್ಟು ಬೀಸಿದ್ದು, ಕಲಸಿದ್ದು, ಒಲೆಯ ಮುಂದೆ ಕಾದದ್ದು, ಒಡೆದು ಒಡೆದು ಹಂಚಿದರೂ ತೀರದ ರೊಟ್ಟಿ, ಎಲ್ಲವನ್ನೂ ತನ್ನ ಕೈಯಾರೆ ಮಾಡಿದವನ ಹಾಗೆ ಓದಿದ. ಇನ್ನೂರ ಇಪ್ಪತ್ತೊಂದರ ಕೊನೆಯ ಸಾಲು ಮುಗಿದಾಗ ಮೇಜು ಮತ್ತೆ ಸದ್ದಾಗಿರಲಿಲ್ಲ. ಔಷಧಿ ಅಂಗಡಿಯವನು ಕನ್ನಡಕ ತೆಗೆದು ಒರೆಸುತ್ತಿದ್ದ.

ಉಸ್ತಾದರು ಅವನ ಪತ್ರಕ್ಕೆ ಸಹಿ ಹಾಕಿದರು. ಮುಗಿಯಿತು ಎಂದುಕೊಂಡು ನಾನು ಏಳುವಷ್ಟರಲ್ಲಿ ರಿಜಿಸ್ಟರು ಕೊಡು ಎಂದು ಸನ್ನೆ ಮಾಡಿದರು. ಎಡಗೈಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತುಂಬಾ ಹೊತ್ತು ಬರೆದು ನನ್ನ ಕಡೆ ತಿರುಗಿಸಿದರು. ಹೀಗಿತ್ತು: ‘ಇನ್ನೂರ ಹದಿನೆಂಟನೆಯ ಪುಟವನ್ನು ನಾನು ಈ ಬೇಕರಿಯವನಿಂದ ಕೇಳಿದೆ.’ ಕೆಳಗೆ ಅವರ ಸಹಿ.

ಗುರುಗಳು ತಮ್ಮನ್ನು ಶಿಷ್ಯನ ಕೆಳಗೆ ಬರೆದುಕೊಂಡಿದ್ದರು. ಬೇಕರಿಯವನು ಅದನ್ನು ಓದಿ, ಹಿಟ್ಟಿನ ಉಗುರಿನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ಮುಚ್ಚುಮರೆ ಯಾಕೆ.

ಬೇಕರಿಯ ಮೇಲಿನ ರೂಮಿನಲ್ಲಿ ಈಗ ಇಪ್ಪತ್ತು ಜನ ಕೂರುತ್ತಾರೆ. ನನ್ನ ಅಂಗಡಿಯ ಹಿಂದೆ ನನ್ನದೂ ಒಂದು ಪುಟ್ಟ ತರಗತಿ ಇದೆ. ಉಸ್ತಾದರು ಇನ್ನೂರ ಹದಿನೆಂಟನೆಯ ಪುಟವನ್ನು ಅವನಿಂದ ಕೇಳಿದ ಮೇಲೆ ನಮ್ಮ ಕೊಂಡಿಯೂ ಅವನ ಮೂಲಕವೇ ಹೋಗಬೇಕು, ನಿಯಮ ಅಂದರೆ ನಿಯಮ. ಆ ಪುಟ ಬಂದಾಗ ನನ್ನ ಶಿಷ್ಯರಿಗೆ ನಾನು ಎಲ್ಲ ಹಿರಿಯರಿಗಿಂತ ಮೊದಲು ಹೇಳುವುದು, “ಇದನ್ನು ನಾನು ಬೇಕರಿಯವನಿಂದ ಕೇಳಿದೆ” ಎಂದು. ಗಟ್ಟಿಯಾಗಿಯೇ ಹೇಳುತ್ತೇನೆ.