ರಾಕೆಟ್ ಹುಡುಗಿಯ ಮೈಬಣ್ಣ

ಕೊಲ್ಲಿ ದೇಶದ ಅಲ್ ಗರಾಫಾದ ನಮ್ಮ ಬಿಲ್ಡಿಂಗಿನಲ್ಲಿ ವಾರಿಜಾಕ್ಷಿಯ ಕೇಕ್ ಕತ್ತರಿಸದೆ ಯಾವ ಮಗುವಿಗೂ ವಯಸ್ಸಾಗುವುದಿಲ್ಲ. ಮದುವೆಯಾಗಿ ಕಾಪುವಿನಿಂದ ಬಂದವಳು, ಗಂಡ ರಿತೇಶ್ ಆಫೀಸಿಗೆ ಹೋದ ಮೇಲೆ ಹೊತ್ತು ಹೋಗದೆ ಕೇಕ್ ಮಾಡಲು ಕಲಿತಳು. ಕೇಕಿನ ಮೇಲೆ ಕೂರಿಸುವ ಸಕ್ಕರೆ ಹಿಟ್ಟಿನ ಗೊಂಬೆಗಳಲ್ಲಂತೂ ಅವಳದು ಎತ್ತಿದ ಕೈ.

ನಮ್ಮವರ ಆರ್ಡರಿಗೆ ಒಂದು ಕಟ್ಟಳೆ ಇದೆ: ಗೊಂಬೆ ಮಗುವಿಗಿಂತ ಬೆಳ್ಳಗಿರಬೇಕು. ಯಾರೂ ಬಾಯಿಬಿಟ್ಟು ಹಾಗೆನ್ನುವುದಿಲ್ಲ, “ಸ್ವಲ್ಪ ಬ್ರೈಟ್ ಮಾಡಿ ಅಕ್ಕ” ಎನ್ನುತ್ತಾರೆ ಅಷ್ಟೆ. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಒಮ್ಮೆ ಒಂದು ಮಗುವನ್ನು ಇದ್ದ ಹಾಗೆಯೇ ಮಾಡಿ, ಅದರ ತಾಯಿಯ ಮುಖ ಸಪ್ಪಗಾದದ್ದನ್ನು ಕಂಡಂದಿನಿಂದ ವಾರಿಜಾಕ್ಷಿ ಯಾರೂ ಹೇಳದೆಯೇ ಬೆಳ್ಳಗೆ ಮಾಡುತ್ತಾಳೆ.

ಮೇಲಿನ ಫ್ಲ್ಯಾಟಿನ ಸುಡಾನಿ ಹುಡುಗಿ ಇಸ್ರಾಗೆ ಆರು ತುಂಬಿತು. ಕಾರ್ಟೂನಿನಲ್ಲಿ ರಾಕೆಟ್ ಓಡಿಸುವ ಕ್ಯಾಪ್ಟನ್ ಹುಡುಗಿಯೆಂದರೆ ಅವಳಿಗೆ ಪ್ರಾಣ. ಕಪ್ಪು ಮೈ, ಗುಂಗುರು ಕೂದಲು, ಥೇಟ್ ಇಸ್ರಾಳೇ. ಬಿಲ್ಡಿಂಗಿನ ಮಕ್ಕಳು ಆ ಕಾರ್ಟೂನ್ ನೋಡಿದವರಲ್ಲ. ರಾಕೆಟ್ ಆಟದಲ್ಲಿ ಇಸ್ರಾಳನ್ನು ಮಾತ್ರ ಕ್ಯಾಪ್ಟನ್ ಮಾಡುತ್ತಿರಲಿಲ್ಲ, ಅಂಥ ಕ್ಯಾಪ್ಟನ್ ಎಲ್ಲಿರುತ್ತಾರೆ ಎಂದು ನಗುತ್ತಿದ್ದರು. “ಸಂಜೆ ನನ್ನ ಕೇಕ್ ನೋಡಿ” ಎಂದು ಅವಳು ಎಲ್ಲರಿಗೂ ಸಾರಿಬಿಟ್ಟಿದ್ದಳು.

ಅವಳ ತಾಯಿ ಹಿಬಾ ಕ್ಯಾಪ್ಟನ್ನಿನ ಚಿತ್ರ ಕಳಿಸಿದ್ದಳು. ವಾರಿಜಾಕ್ಷಿ ಪ್ರೀತಿಯಿಂದಲೇ ಗೊಂಬೆಯನ್ನು ಗೋಧಿ ಬಣ್ಣಕ್ಕೆ ತಂದಳು, ಕೂದಲನ್ನು ನೀಟಾಗಿ ಬಾಚಿ ಇಳಿಬಿಟ್ಟಳು.

ಮಧ್ಯಾಹ್ನ ತಾಯಿ ಮಗಳು ಕೇಕ್ ಒಯ್ಯಲು ಬಂದಾಗ ನಾನು ವಾರಿಜಾಕ್ಷಿಯ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಇಸ್ರಾ ಡಬ್ಬದೊಳಗೆ ಬಗ್ಗಿ ನೋಡಿದಳು.

“ಆಂಟಿ, ಇದು ಯಾರು?”

“ನಿನ್ನ ಕ್ಯಾಪ್ಟನ್ ಅಲ್ವಾ ಪುಟ್ಟಿ?”

“ಅಲ್ಲ. ಇವಳನ್ನು ನೋಡಿದ್ರೆ ಅವರು ಇನ್ನೂ ನಗ್ತಾರೆ.”

ಹಿಬಾ “ಮಾಫಿ ಮುಶ್ಕಿಲ್, ಪರವಾಗಿಲ್ಲ” ಎಂದು ನಗಲು ನೋಡಿದಳು. ವಾರಿಜಾಕ್ಷಿ ಡಬ್ಬವನ್ನು ತನ್ನತ್ತ ಎಳೆದುಕೊಂಡಳು. ಗೊಂಬೆಯನ್ನು ಕಿತ್ತು ತೆಗೆದಳು. ಹೊಸ ಹಿಟ್ಟಿಗೆ ಕೋಕೋ ಪುಡಿ ಹಾಕಿ ನಾದಿ, ಇಸ್ರಾಳ ಕೆನ್ನೆಯ ಪಕ್ಕ ಹಿಡಿದು ನೋಡಿ, ಮತ್ತಷ್ಟು ಸುರಿದಳು. ಚಹಾ ಸೋಸುವ ಜಾಲರಿಯಲ್ಲಿ ಒತ್ತಿದಾಗ ಹಿಟ್ಟು ಗುಂಗುರು ಗುಂಗುರು ಕೂದಲಾಗಿ ಬಂತು. ಹೊಸ ಗೊಂಬೆಯನ್ನು ಕೇಕಿನ ಮೇಲೆ ಕೂರಿಸಿದಳು. “ಯಲ್ಲಾ ಮಾಮಾ, ಬೇಗ ಬಾ ಅಮ್ಮಾ!” ಎಂದು ಇಸ್ರಾ ತಾಯಿಯನ್ನು ಎಳೆದುಕೊಂಡೇ ಮೆಟ್ಟಿಲು ಹತ್ತಿದಳು.

ಸಂಜೆ ಕೇಕ್ ನೋಡಿದ ಮೇಲೆ ಕೆಳಗೆ ಮಕ್ಕಳ ರಾಕೆಟ್ ಹಾರಿತು. ಕ್ಯಾಪ್ಟನ್ ಇಸ್ರಾ. ಅವಳು ಹಾಕಿದ ಕೂಗು ನಮ್ಮ ಮನೆಯವರೆಗೂ ಕೇಳಿಸಿತು, ನನಗಂತೂ ಕಣ್ಣು ತುಂಬಿತು.

ವಾರಿಜಾಕ್ಷಿಯ ಮಗಳು ಮೋಕ್ಷಾ ಪಾರ್ಟಿ ಮುಗಿಸಿ ಬಂದು, ಅಡುಗೆ ಕಟ್ಟೆಯ ಮೇಲೆ ಉಳಿದಿದ್ದ ಕಂದು ಹಿಟ್ಟಿನ ಪಕ್ಕ ತನ್ನ ಕೈಯಿಟ್ಟು ನೋಡಿದಳು. ಅವಳೂ ಅಪ್ಪನ ಹಾಗೆ ಕಪ್ಪು. ಫ್ರಿಜ್ಜಿನ ಮೇಲೆ ಅವಳ ಹೋದ ಹುಟ್ಟುಹಬ್ಬದ ಫೋಟೊ ಅಂಟಿಸಿದ್ದರು. ಕೇಕಿನ ಮೇಲೆ ಹಾಲುಬಿಳುಪಿನ ಗೊಂಬೆ.

“ಮಮ್ಮಿ, ಇಸ್ರಾಗೆ ಇಸ್ರಾನೇ ಮಾಡಿ ಕೊಟ್ಟೆ. ನನ್ನ ಕೇಕಲ್ಲಿ ಇದ್ದದ್ದು ಯಾರು?”

ವಾರಿಜಾಕ್ಷಿ ಉಳಿದ ಹಿಟ್ಟನ್ನು ಕೈಗೆತ್ತಿಕೊಂಡಳು.

“ಇಲ್ಲಿ ಕೂತ್ಕೋ ಮಗಳೇ. ಬೆಳಕಿಗೆ ಮುಖ ತೋರ್ಸು.”